ಇಮೇಲ್ ನಿಮ್ಮದು, ಕೀಲಿಕೈ ಯಾರ ಹತ್ತಿರ?

ಹೊಸ ಫೋನ್ ಕೊಂಡ ದಿನ ಅಂಗಡಿಯ ಹುಡುಗ ಐದೇ ನಿಮಿಷದಲ್ಲಿ ಎಲ್ಲವನ್ನೂ ‘ಸೆಟ್’ ಮಾಡಿ ಕೈಗಿಡುತ್ತಾನೆ. ನಮ್ಮ ಚಿಕ್ಕಪ್ಪನಿಗೂ ಹಾಗೇ ಮಾಡಿಕೊಟ್ಟಿದ್ದ. ನಾಲ್ಕು ವರ್ಷ ತಕರಾರಿಲ್ಲದೆ ನಡೆಯಿತು. ಮಗಳ ಸಿಇಟಿ ಅರ್ಜಿಯ ಹೊತ್ತಿಗೆ ಸರಿಯಾಗಿ ಆ ಫೋನ್ ತೋಟದ ಬಾವಿಗೆ ಬಿತ್ತು. ಹೊಸ ಫೋನಿನಲ್ಲಿ ಇಮೇಲ್ ತೆರೆಯೋಣವೆಂದರೆ ಪಾಸ್‌ವರ್ಡ್ ಗೊತ್ತಿಲ್ಲ. ‘ಮರೆತಿದ್ದೇನೆ’ ಎಂದು ಒತ್ತಿದರೆ ಕೋಡ್ ಹೋಗುತ್ತಿದ್ದುದು ಆ ಹುಡುಗನ ನಂಬರಿಗೆ. ಹುಡುಗ ಊರು ಬಿಟ್ಟು ವರ್ಷವಾಗಿತ್ತು.

ಇಮೇಲ್ ಖಾತೆ ತೆರೆಯುವ ಈ ಕೆಲಸವನ್ನು ನೀವೇ ಮಾಡಿಕೊಳ್ಳಿ. ಬೇಕಾದದ್ದು ಇಂಟರ್ನೆಟ್, ನಿಮ್ಮ ಹೆಸರಿನ ಸಿಮ್, ಒಂದು ಪೆನ್ನು, ಒಂದು ನೋಟ್‌ಬುಕ್.

ಆಂಡ್ರಾಯ್ಡ್ ಫೋನಾದರೆ ಸೆಟ್ಟಿಂಗ್ಸ್ ತೆರೆದು ‘ಪಾಸ್‌ವರ್ಡ್ಸ್ ಅಂಡ್ ಅಕೌಂಟ್ಸ್’ಗೆ ಹೋಗಿ. ಸ್ಯಾಮ್‌ಸಂಗ್‌ನಲ್ಲಿ ಇದು ‘ಅಕೌಂಟ್ಸ್ ಅಂಡ್ ಬ್ಯಾಕಪ್’ ಒಳಗಿರುತ್ತದೆ. ಕಣ್ಣಿಗೆ ಬೀಳದಿದ್ದರೆ ಸೆಟ್ಟಿಂಗ್ಸ್‌ನ ಮೇಲ್ಗಡೆಯ ಹುಡುಕುವ ಜಾಗದಲ್ಲಿ ‘ಅಕೌಂಟ್’ ಎಂದು ಬರೆಯಿರಿ. ಅಲ್ಲಿ ‘ಆಡ್ ಅಕೌಂಟ್’, ಆಮೇಲೆ ‘ಗೂಗಲ್’, ಆಮೇಲೆ ‘ಕ್ರಿಯೇಟ್ ಅಕೌಂಟ್’ ಒತ್ತಿ, ವೈಯಕ್ತಿಕ ಬಳಕೆಗೆ ಎಂಬುದನ್ನು ಆರಿಸಿ.

ಮೊದಲು ಹೆಸರು, ಜನ್ಮದಿನಾಂಕ ಕೇಳುತ್ತದೆ. ಹುಟ್ಟಿದ ವರ್ಷವನ್ನು ಬೇಕಾಬಿಟ್ಟಿ ಹಾಕಬೇಡಿ. 13 ತುಂಬಿಲ್ಲವೆಂದು ಕಂಡರೆ ಅಪ್ಪ-ಅಮ್ಮನ ಅನುಮತಿ ತರುವಂತೆ ಹೇಳುತ್ತದೆ, ನಿಮಗೆ ಅರವತ್ತಾಗಿದ್ದರೂ!

ಇನ್ನು ವಿಳಾಸ. 6ರಿಂದ 30 ಅಕ್ಷರಗಳೊಳಗೆ ಇಂಗ್ಲಿಷ್ ಅಕ್ಷರ, ಅಂಕಿ, ಚುಕ್ಕಿ ಬಳಸಬಹುದು. ಚುಕ್ಕಿ ಇಟ್ಟರೂ ಬಿಟ್ಟರೂ ಜಿಮೇಲ್‌ಗೆ ಒಂದೇ. ‘ಶ್ರೀನಿವಾಸ’ ಎಂಬ ಒಂದು ಹೆಸರನ್ನೇ ಇಂಗ್ಲಿಷಿನಲ್ಲಿ ನಾಲ್ಕು ಥರ ಬರೆಯುವವರು ನಾವು. ಆಧಾರ್‌ನಲ್ಲಿರುವ ಸ್ಪೆಲ್ಲಿಂಗನ್ನೇ ಇಟ್ಟುಕೊಂಡು, ಇನಿಶಿಯಲ್ಲನ್ನೋ ಊರಿನ ಹೆಸರನ್ನೋ ಸೇರಿಸಿ. ಬ್ಯಾಂಕಿನ ಕೌಂಟರಿನಲ್ಲಿ ಬಾಯಲ್ಲಿ ಹೇಳಿ ಬರೆಸುವಂತಿರಬೇಕು.

ಪಾಸ್‌ವರ್ಡ್ ಕನಿಷ್ಠ 8 ಅಕ್ಷರ. ಫೋನ್ ನಂಬರ್, ಮೊಮ್ಮಗನ ಹೆಸರು ಬೇಡ. ಹಲಸು, ಬಸ್ಸು, ಚಾವಡಿ ಎಂಬಂತೆ ಸಂಬಂಧವಿಲ್ಲದ ಮೂರ್ನಾಲ್ಕು ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಪೋಣಿಸಿ ಒಂದೆರಡು ಅಂಕಿ ಸೇರಿಸಿದರೆ ಗಟ್ಟಿಯಾಗುತ್ತದೆ (ಇದೇ ಪದಗಳನ್ನು ಹಾಕಬೇಡಿ ಮತ್ತೆ). ಪಾಸ್‌ವರ್ಡನ್ನು ಬರೆದಿಡಲೇಬಾರದು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ನೋಟ್‌ಬುಕ್ಕಿನಲ್ಲಿ ಬರೆದು ರೇಷನ್ ಕಾರ್ಡ್ ಇಡುವ ಪೆಟ್ಟಿಗೆಯಲ್ಲಿಡಿ. ಕಳ್ಳನಿಗಿಂತ ನಮ್ಮ ಮರೆವೇ ಹೆಚ್ಚು ಖಾತೆ ಕದ್ದಿದೆ.

ಮುಂದಿನ ಪರದೆಯನ್ನು ಎಲ್ಲರೂ ‘ಸ್ಕಿಪ್’ ಒತ್ತಿ ದಾಟುತ್ತಾರೆ. ಚಿಕ್ಕಪ್ಪ ಸಿಕ್ಕಿಬಿದ್ದದ್ದು ಇಲ್ಲೇ. ಪಾಸ್‌ವರ್ಡ್ ಮರೆತಾಗ ಕೋಡ್ ಬರುವ ‘ರಿಕವರಿ ನಂಬರ್’ ನಿಮ್ಮದೇ ಆಗಿರಲಿ. ಖಾತೆ ತೆರೆದ ಮೇಲೆ ಮಗನದೋ ಹೆಂಡತಿಯದೋ ವಿಳಾಸವನ್ನು ರಿಕವರಿ ಇಮೇಲ್ ಆಗಿ ಸೇರಿಸಿ. ಮುಂದೆ ಸಿಮ್ ಬದಲಿಸಿದ ದಿನವೇ ಇಲ್ಲೂ ನಂಬರ್ ಬದಲಿಸಬೇಕು. ಏಕೆಂದರೆ ನಮ್ಮ ದೇಶದಲ್ಲಿ ಬಂದಾದ ನಂಬರನ್ನು 90 ದಿನ ಕಳೆದ ಮೇಲೆ ಕಂಪನಿ ಬೇರೆಯವರಿಗೆ ಕೊಡಬಹುದು. ಆಗ ನಿಮ್ಮ ಕೋಡ್ ಯಾರದೋ ಜೇಬಿನಲ್ಲಿ ಟಿಂಗ್ ಎನ್ನುತ್ತದೆ. ಜೊತೆಗೆ ಸೆಕ್ಯುರಿಟಿ ವಿಭಾಗದಲ್ಲಿ ‘ಟು ಸ್ಟೆಪ್ ವೆರಿಫಿಕೇಶನ್’ (ಪಾಸ್‌ವರ್ಡ್ ಜೊತೆಗೆ ಇನ್ನೊಂದು ಗುರುತನ್ನೂ ಕೇಳುವ ವ್ಯವಸ್ಥೆ) ಆನ್ ಮಾಡಿ, ಅಲ್ಲಿ ಸಿಗುವ 10 ಬ್ಯಾಕಪ್ ಕೋಡ್‌ಗಳನ್ನೂ ಅದೇ ನೋಟ್‌ಬುಕ್ಕಿಗೆ ಇಳಿಸಿಕೊಳ್ಳಿ. ಒಂದೊಂದು ಕೋಡ್ ಒಂದೊಂದು ಸಲಕ್ಕೆ ಮಾತ್ರ. ಫೋನೇ ಕಳೆದುಹೋದರೆ ಕೈಹಿಡಿಯುವುದು ಇವೇ.

ಈಗಾಗಲೇ ಯಾಹೂ, ಔಟ್‌ಲುಕ್ ಖಾತೆ ಇದ್ದವರು ಜಿಮೇಲ್ ಆ್ಯಪಿನಲ್ಲಿ ಬಲ ಮೇಲ್ತುದಿಯ ಗುಂಡಗಿನ ಚಿತ್ರ ಒತ್ತಿ ‘ಆಡ್ ಅನದರ್ ಅಕೌಂಟ್’ ಆರಿಸಿದರೆ ಸಾಕು. ಕಚೇರಿಯ ಖಾತೆಯಾದರೆ ‘ಅದರ್’ ಒತ್ತಿ ‘ಐಮ್ಯಾಪ್’ ಆರಿಸುವುದು ಒಳ್ಳೆಯದು. ಆಗ ಫೋನಿನಲ್ಲಿ ಓದಿದ ಪತ್ರ ಕಂಪ್ಯೂಟರಿನಲ್ಲೂ ಓದಿದ್ದೆಂದೇ ಕಾಣುತ್ತದೆ. ಪೋರ್ಟ್ (ಪತ್ರ ಬಂದುಹೋಗುವ ಬಾಗಿಲಿನ ಸಂಖ್ಯೆ) ಕೇಳಿದರೆ ಸಾಮಾನ್ಯವಾಗಿ ಬರುವ ಪತ್ರಕ್ಕೆ 993, ಹೋಗುವ ಪತ್ರಕ್ಕೆ 465 ಅಥವಾ 587. ಸರ್ವರ್ ಹೆಸರನ್ನು ಕಚೇರಿಯ ಕಂಪ್ಯೂಟರ್ ವಿಭಾಗದವರೇ ಕೊಡಬೇಕು. ಐಫೋನಿನವರು ಸೆಟ್ಟಿಂಗ್ಸ್‌ನಲ್ಲಿ ‘ಮೇಲ್’ ಹುಡುಕಿ ಅಕೌಂಟ್ಸ್‌ಗೆ ಹೋದರೆ ಇದೇ ದಾರಿ.

ಪತ್ರ ಬಂದರೂ ಫೋನ್ ಸುಮ್ಮನಿದ್ದರೆ ಬ್ಯಾಟರಿ ಸೇವರ್ ಮೇಲೆ ಅನುಮಾನಪಡಿ. ಜಿಮೇಲ್ ಆ್ಯಪಿಗೆ ಅದರಿಂದ ವಿನಾಯಿತಿ ಕೊಟ್ಟು, ‘ಸಿಂಕ್’ (ಹೊಸ ಪತ್ರ ತಾನಾಗಿ ಫೋನಿಗೆ ಇಳಿಯುವ ವ್ಯವಸ್ಥೆ) ಆನ್ ಇದೆಯೇ ನೋಡಿ. ಉಚಿತವಾಗಿ ಸಿಗುವ 15 ಜಿಬಿ ಜಾಗದಲ್ಲಿ ಪತ್ರ, ಡ್ರೈವ್, ಫೋಟೊ ಮೂರೂ ಪಾಲುದಾರರು. ಮದುವೆಯ ವಿಡಿಯೊಗಳೇ ಅದನ್ನು ತುಂಬಿಬಿಟ್ಟರೆ ಹೊಸ ಪತ್ರ ಬರುವುದು ನಿಲ್ಲುತ್ತದೆ. ಎರಡು ವರ್ಷ ಮುಟ್ಟದೇ ಬಿಟ್ಟ ಖಾತೆಯನ್ನು ಗೂಗಲ್ ಅಳಿಸಿಹಾಕಬಹುದು.

ಎಲ್ಲ ಮುಗಿದ ಮೇಲೆ ಮನೆಯ ಇನ್ನೊಂದು ಫೋನಿನಲ್ಲಿ, ನೋಟ್‌ಬುಕ್ ನೋಡಿಕೊಂಡು ಒಮ್ಮೆ ಲಾಗಿನ್ ಆಗಿ. ಲಾಗಿನ್ ಆಯಿತೆಂದರೆ ಬರೆದದ್ದು ಸರಿಯಿದೆ ಎಂದರ್ಥ. ಆಮೇಲೆ ಆ ಫೋನಿನಿಂದ ಖಾತೆಯನ್ನು ತೆಗೆದುಹಾಕಲು ಮರೆಯಬೇಡಿ.