ಸ್ವಾಮಿಯ ಮನೆಗೆ ಹೋಗಿ ಬಂದೆವು

ಕಳೆದ ದಸರಾ ರಜೆಗೆ ಎಲ್ಲಿಗೆ ಹೋಗೋದು ಅಂತ ಮಕ್ಕಳಿಬ್ಬರೂ ಜಗಳ ಆಡುತ್ತಿದ್ದರು. ಅಡುಗೆಮನೆಯಲ್ಲಿ ಅಮ್ಮ ಏನೋ ಗುನುಗುತ್ತಾ ಸೊಪ್ಪು ಬಿಡಿಸುತ್ತಿದ್ದರು. "ಅಜ್ಜಿ, ಅದ್ಯಾವ ಹಾಡು?" ಅಂದ ಮಗ. "ಹಾಡಲ್ಲ ಕಣೋ, ಮಾಲ್ಗುಡಿ ಡೇಸ್ ಶುರು ಆಗುವಾಗ ಬರ್ತಿತ್ತು" ಅಂದರು ಅಮ್ಮ. ನಮ್ಮ ಆಗುಂಬೆ ಪ್ರವಾಸ ಗಟ್ಟಿಯಾಗಿದ್ದು ಅಲ್ಲೇ.

ಆರ್.ಕೆ. ನಾರಾಯಣ್ ಅವರ ಕಥೆಗಳನ್ನು ಶಂಕರ್ ನಾಗ್ ಧಾರಾವಾಹಿ ಮಾಡಿದಾಗ ಕಥೆಯಲ್ಲಿನ ಕಾಲ್ಪನಿಕ ಊರು ಮಾಲ್ಗುಡಿ ಆಗಿದ್ದು ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆ. 1986ರಲ್ಲಿ ದೂರದರ್ಶನದಲ್ಲಿ ಶುರುವಾಯಿತು. ಆಗ ನಮ್ಮ ಬೀದಿಯಲ್ಲಿ ಇದ್ದದ್ದು ಎರಡೇ ಟಿವಿ. ಅಮ್ಮ ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ಪಕ್ಕದ ಮನೆಗೆ ನೋಡಲು ಹೋಗುತ್ತಿದ್ದರಂತೆ.

ಹೊರಡುವ ಮೊದಲು ನಾನು ಮಾಡಿದ ಒಂದು ಕೆಲಸ ಇಡೀ ಪ್ರವಾಸಕ್ಕೆ ದಾರಿ ಮಾಡಿಕೊಟ್ಟಿತು. ಎರಡು ವಾರ, ರಾತ್ರಿ ಊಟ ಆದ ಮೇಲೆ ದಿನಕ್ಕೊಂದು ಕಂತು ಎಲ್ಲರೂ ಕೂತು ನೋಡಿದೆವು. ಕಾಣದ ಧಾರಾವಾಹಿಯ ಊರಿಗೆ ಮಕ್ಕಳನ್ನು ಕರೆದುಕೊಂಡು ಹೋದರೆ ಅವರ ಪಾಲಿಗೆ ಅದು ಸುಮ್ನೆ ಒಂದು ಹಳೇ ಮನೆ, ಅಲ್ವಾ? ಮೊದಲ ದಿನ ಮಗಳು ಅರ್ಧಕ್ಕೆ ಎದ್ದು ಹೋದಳು. ಮೂರನೇ ದಿನ, ಕಥೆಯ ಪುಟ್ಟ ಹುಡುಗ ಸ್ವಾಮಿ ಅಪ್ಪನ ಆಫೀಸ್ ಕೋಣೆಯಲ್ಲಿ ಒಬ್ಬನೇ ಮಲಗಿ ಕಳ್ಳನ ಕಾಲು ಕಚ್ಚುವ ಕಥೆ ಬಂತು ನೋಡಿ, ಅವತ್ತಿನಿಂದ ಅವಳೇ ಎಲ್ಲರನ್ನೂ ಕರೆದು ಕೂರಿಸುತ್ತಿದ್ದಳು. ಸ್ವಾಮಿಯ ಮನೆ, ಬೀದಿ, ರೈಲ್ವೆ ಸ್ಟೇಷನ್ ಬಂದಲ್ಲೆಲ್ಲ ನಿಲ್ಲಿಸಿ ಫೋಟೊ ತೆಗೆದು ಫೋನಿನಲ್ಲಿ ಇಟ್ಟುಕೊಂಡೆವು. ಇದು ತುಂಬಾ ಉಪಯೋಗಕ್ಕೆ ಬಂತು. ಘಟ್ಟದ ಕಡೆ ನಮ್ಮ ಫೋನಿಗೆ ಸಿಗ್ನಲ್ಲೇ ಸಿಗಲಿಲ್ಲ.

ಶಿವಮೊಗ್ಗದಲ್ಲಿ ಉಳಿದು ಮೊದಲು ಅರಸಾಳಿಗೆ ಹೋದೆವು. ತಾಳಗುಪ್ಪ ದಾರಿಯಲ್ಲಿ ಸಿಗುವ ಪುಟ್ಟ ಸ್ಟೇಷನ್. ಧಾರಾವಾಹಿಯ ಮಾಲ್ಗುಡಿ ಸ್ಟೇಷನ್ ಇದೇ. ಆಗ ಇಲ್ಲಿ ಮೀಟರ್ ಗೇಜ್ ಹಳಿ ಇತ್ತು, ಈಗ ಬ್ರಾಡ್ ಗೇಜ್. ಬ್ರಿಟಿಷರ ಕಾಲದ ಹಳೇ ಕಟ್ಟಡವನ್ನು ಕೆಡವದೆ ರಿಪೇರಿ ಮಾಡಿ 2020ರಲ್ಲಿ ಮಾಲ್ಗುಡಿ ಮ್ಯೂಸಿಯಂ ಮಾಡಿದ್ದಾರೆ. ಧಾರಾವಾಹಿಗೆ ಕಲಾ ನಿರ್ದೇಶಕರಾಗಿದ್ದ ಜಾನ್ ದೇವರಾಜ್ ಅವರೇ ಇದಕ್ಕೂ ಕೈ ಹಾಕಿದ್ದಾರೆ. ಅದು ನನಗೆ ತುಂಬಾ ಹಿಡಿಸಿತು. ಹೊರಗೆ ರೈಲು ಬೋಗಿಯಲ್ಲೇ ಟೀ ಅಂಗಡಿ. ಮಕ್ಕಳಿಗೆ ಮ್ಯೂಸಿಯಂಗಿಂತ ಅದೇ ಜಾಸ್ತಿ ಇಷ್ಟವಾಯಿತು. ಒಂದು ಗಂಟೆ ಸಾಕು.

ಆಗುಂಬೆಗೆ ಮಾತ್ರ ಎರಡು ದಿನ ಇಟ್ಟುಕೊಳ್ಳಿ. ಕನ್ನಡ ನಾಡಿನ ಮಳೆಯೆಲ್ಲ ಇಲ್ಲೇ ಸುರಿಯುತ್ತದೆ ಅನ್ನಿಸುವ ಊರು. ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್‌ಗೂ ಜಾಸ್ತಿ. ನಾವು ಹೋದಾಗ ಅಕ್ಟೋಬರ್, ಆದರೂ ಮಧ್ಯಾಹ್ನ ಒಂದು ಜಡಿ ಹೊಡೆಯಿತು. ಸೂರ್ಯಾಸ್ತ ನೋಡುವ ಜಾಗದಲ್ಲಿ ಬರೀ ಬಿಳಿ ಮಂಜು. ಅಲ್ಲೇ ಹುಲ್ಲಿನಲ್ಲಿ ಓಡಾಡಿದ್ದಕ್ಕೆ ಮಗನ ಕಾಲಿಗೆ ಇಂಬಳ, ಅಂದರೆ ಜಿಗಣೆ, ಹತ್ತಿತು. ಉಪ್ಪಿನ ಪೊಟ್ಟಣ ಒಂದು ಜೇಬಲ್ಲಿ ಇರಲಿ.

ಮುಖ್ಯ ಬೀದಿಯಲ್ಲಿ ಫೋಟೊ ಹಿಡಿದು ಹೋಲಿಸುತ್ತಾ ನಡೆದೆವು. ಸೆಟ್ ಹಾಕಿದ್ದ ಭಾಗ ಈಗಿಲ್ಲ, ಅಂಗಡಿಗಳ ಮುಖ ಬದಲಾಗಿದೆ. ಮಕ್ಕಳಿಗೆ ಸ್ವಲ್ಪ ಬೇಜಾರಾಯಿತು. ಆ ಬೇಜಾರು ಕಳೆದದ್ದು ದೊಡ್ಡಮನೆಯಲ್ಲಿ.

ಸ್ವಾಮಿಯ ಮನೆ ಅಂತ ತೋರಿಸಿದ್ದು ಇದೇ ದೊಡ್ಡಮನೆಯನ್ನು. ನೂರು ವರ್ಷ ದಾಟಿದ ಮನೆ. ಒಂದು ಮಾತು ಮನಸ್ಸಿನಲ್ಲಿ ಇಟ್ಟುಕೊಂಡು ಹೋಗಿ. ಇದು ಮ್ಯೂಸಿಯಂ ಅಲ್ಲ, ಜನ ಬಾಳುತ್ತಿರುವ ಮನೆ. ಅವರ ಊಟದ ಹೊತ್ತಿಗೆ ಹೋಗಬೇಡಿ. ನಾವು ಮೊದಲ ದಿನ ಒಂದು ಗಂಟೆಗೆ ಬಾಗಿಲವರೆಗೆ ಹೋಗಿ, ಒಳಗೆ ತಟ್ಟೆಗಳ ಸದ್ದು ಕೇಳಿ ವಾಪಸ್ ಬಂದೆವು. ಮರುದಿನ ಬೆಳಿಗ್ಗೆ ಹತ್ತಕ್ಕೆ ಹೋಗಿ, ಬರಬಹುದಾ ಅಂತ ಕೇಳಿ, ಚಪ್ಪಲಿ ಬಿಟ್ಟು ಒಳಗೆ ಹೋದೆವು.

ನಡುವೆ ತೆರೆದ ಅಂಗಳ, ಸುತ್ತ ಜಗಲಿ, ಕೆತ್ತನೆಯ ಮರದ ಕಂಬಗಳು. ಎಷ್ಟೋ ಕೈ ಸವರಿ ಕಂಬದ ಕೆಳಭಾಗ ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತಿತ್ತು. ಮಗ ಫೋನ್ ಎತ್ತಿ ಹಿಡಿದು ಎರಡು ಹೆಜ್ಜೆ ಹಿಂದೆ, ಒಂದು ಹೆಜ್ಜೆ ಎಡಕ್ಕೆ ಸರಿದ. ಆಮೇಲೆ ಉಸಿರು ಬಿಡದೆ ನಿಂತುಬಿಟ್ಟ. ಫೋಟೊದಲ್ಲಿದ್ದ ಕಂಬವೂ ಎದುರಿಗಿದ್ದ ಕಂಬವೂ ಸರಿಯಾಗಿ ಕೂತಿದ್ದವು.

ಮನೆಯವರು ಎಲ್ಲರಿಗೂ ಬಿಸಿ ಕಷಾಯ ಕೊಟ್ಟರು. ಅಮ್ಮ ಲೋಟ ಹಿಡಿದು ಆ ಕಂಬಕ್ಕೇ ಒರಗಿ ಕೂತರು. ಇಷ್ಟು ದಿನ ಹೇಳದೇ ಇದ್ದ ಒಂದು ಮಾತು ಅಲ್ಲಿ ಹೇಳಿದರು. ಶಂಕರ್ ನಾಗ್ 1990ರಲ್ಲಿ ಅಪಘಾತದಲ್ಲಿ ತೀರಿಕೊಂಡ ಸುದ್ದಿ ಬಂದ ದಿನ ನಮ್ಮ ಮನೆಯಲ್ಲಿ ಒಲೆ ಹಚ್ಚಲಿಲ್ಲವಂತೆ. ಮಗಳು ಅಜ್ಜಿಯ ಪಕ್ಕ ಸರಿದು ಕೂತಳು.

ಮನೆಗೆ ಬಂದ ವಾರಕ್ಕೆ ಮಕ್ಕಳು ಮತ್ತೆ ಅದೇ ಕಂತು ಹಾಕಿದರು. ಇದ್ದಕ್ಕಿದ್ದ ಹಾಗೆ ನಿಲ್ಲಿಸಿ ಮಗ ಕೂಗಿದ: "ಅಜ್ಜಿ, ಬೇಗ ಬಾ, ನೀನು ಕೂತಿದ್ದ ಜಾಗದಲ್ಲಿ ಸ್ವಾಮಿ ಇದ್ದಾನೆ!"