ಕಂಪನಿ ಕಾಲದ ಇಂಗ್ಲಿಷಿನಿಂದ ಕುಂಟೆ, ಕೂರಿಗೆ, ವರಹ ವಾಪಸ್ ತಂದದ್ದು: ನನ್ನ ಅನುಭವ

ಹಳೇ ದಾಖಲೆ ಅನುವಾದ ಮಾಡುವಾಗ ನಿಘಂಟನ್ನು ಕೊನೆಗೆ ತೆಗೆಯಬೇಕು, ಮೊದಲಿಗಲ್ಲ ಅಂದಾಗ ನಕ್ಕವರೇ ಹೆಚ್ಚು. ‘ಕಿಟ್ಟೆಲ್ ನಿಘಂಟು ಇರುವಾಗ ಈ ಚೀಟಿ ವ್ಯವಹಾರ ಯಾಕ್ರೀ?’ ಅಂತ ಕೇಳಿದರು. ವಸ್ತುವಿಗೊಂದರಂತೆ ಬರೆದ ಚೀಟಿ ಈಗ ಸಾವಿರದ ನೂರರ ಹತ್ತಿರ ಇವೆ. ಕಳೆದ ಮೂರು ಕರಡಿನಲ್ಲಿ ವಸ್ತುವಿನ ಹೆಸರು ತಪ್ಪಿದೆ ಅಂತ ಒಂದು ಹಾಳೆಯೂ ವಾಪಸ್ ಬಂದಿಲ್ಲ. ಅದಕ್ಕೇ ಈಗ ಬರೆಯುವ ಧೈರ್ಯ.

ಕನ್ನಡಕ್ಕೆ ತರುತ್ತಿರುವುದು ಇವನ್ನು: 1800–01ರಲ್ಲಿ ಮೈಸೂರು, ಕೆನರಾ, ಮಲಬಾರು ಸುತ್ತಿದ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಬರೆದ, 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಮೂರು ಸಂಪುಟದ ಪ್ರವಾಸ ವರದಿ, ರೈಸ್ ಸಾಹೇಬರ ಮೈಸೂರು ಗೆಜೆಟಿಯರ್, ಟಿಪ್ಪುವಿನ ಮೇಲಿನ 1791 ಮತ್ತು 1799ರ ಯುದ್ಧದ ವರದಿಗಳು, ಹಳೇ ಕಂದಾಯದ ಕಾಗದ. ಇವುಗಳಲ್ಲಿ ವಾಕ್ಯ ಕಷ್ಟವಲ್ಲ, ವಸ್ತು ಕಷ್ಟ. ಅದರಲ್ಲೂ ನಮ್ಮದೇ ವಸ್ತು ಇಂಗ್ಲಿಷ್ ಟೋಪಿ ಹಾಕಿಕೊಂಡು ಬಂದಾಗ ಗುರುತು ಸಿಗುವುದಿಲ್ಲ.

ಮೊದಲ ಸೋಲು ಹೇಳಿಬಿಡುತ್ತೇನೆ. ‘ಡ್ರಿಲ್ ಪ್ಲೌ’ ಅನ್ನುವುದಕ್ಕೆ ‘ಬೀಜವಾಪನ ಯಂತ್ರ’ ಅಂತ ಹಾಕಿದ್ದೆ. ಸಂಸ್ಕೃತದ ಸಮಾಸ ಕಟ್ಟಿದರೆ ಗಂಭೀರವಾಗಿ ಕಾಣುತ್ತದೆ ಅನ್ನುವ ಹಳೇ ಚಾಳಿ. ಆ ವಸ್ತು ಕೂರಿಗೆ. ಹಳೇ ಮೈಸೂರು ಕಡೆ ರಾಗಿ ಬಿತ್ತುವ ಹನ್ನೆರಡು ಸಾಲಿನ ಕೂರಿಗೆ ಇವತ್ತಿಗೂ ಕೆಲವು ಮನೆಯ ಅಟ್ಟದಲ್ಲಿದೆ. ಮೇಲೆ ಮರದ ಬಟ್ಟಲು, ಅದರ ತಳದ ತೂತುಗಳಿಂದ ಹೊರಟ ಬಿದಿರು ಕೊಳವೆಗಳು, ಒಂದೊಂದು ಕೊಳವೆಯೂ ಒಂದೊಂದು ಹಲ್ಲಿನ ಹಿಂದೆ ಇಳಿಯುತ್ತದೆ. ಬುಕಾನನ್ ಪಕ್ಕದಲ್ಲೇ ‘ಕುರಿಗೇ’ ಅನ್ನುವಂತೆ ಓದಬಹುದಾದ ಅಕ್ಷರ ಜೋಡಿಸಿಟ್ಟಿದ್ದ. ಕಣ್ಣು ಮಾತ್ರ ‘ಡ್ರಿಲ್’ ಮೇಲೆ ನಿಂತಿತ್ತು. ಇಂಥದ್ದೇ ತಪ್ಪಿನ ಮೂವತ್ತು ಪುಟ ಮತ್ತೆ ಬರೆಯಬೇಕಾಯಿತು. ಪದಕ್ಕೆ 80 ಪೈಸೆ ದರ, ಪುಟಕ್ಕೆ ಸುಮಾರು 200 ರೂಪಾಯಿ. ಲೆಕ್ಕ ನೀವೇ ಹಾಕಿಕೊಳ್ಳಿ. ಎರಡನೇ ಸಲ ಬರೆದದ್ದಕ್ಕೆ ಯಾರೂ ದುಡ್ಡು ಕೊಡುವುದಿಲ್ಲ.

ಆಮೇಲೆ ಹಿಡಿದ ದಾರಿ ಹೀಗೆ. ವಸ್ತುವಿಗೊಂದು ಚೀಟಿ. ಮೇಲೆ ಇಂಗ್ಲಿಷ್ ಹೆಸರು, ಇದ್ದ ಕಾಗುಣಿತ ಇದ್ದ ಹಾಗೇ. ಕೆಳಗೆ ಆ ವಸ್ತು ಏನು ಮಾಡುತ್ತದೆ, ಯಾರು ಹಿಡಿಯುತ್ತಾರೆ, ಎತ್ತು ಬೇಕೋ ಬೇಡವೋ, ಎಷ್ಟು ಉದ್ದ, ಯಾವ ಊರಿನ ಪುಟದಲ್ಲಿ ಬಂತು. ಇಷ್ಟು ಬರೆಯುವವರೆಗೆ ಕನ್ನಡದ ಪದ ಯೋಚಿಸಲೇಬಾರದು. ಇದೇ ಕಷ್ಟದ ಶಿಸ್ತು, ಏಕೆಂದರೆ ಪದ ತಲೆಗೆ ಬಂದ ಕ್ಷಣದಿಂದ ವಸ್ತು ಅದಕ್ಕೆ ತಕ್ಕಂತೆ ಬಾಗಲು ಶುರುವಾಗುತ್ತದೆ. ಮೂರನೇ ಸಾಲಿಗೆ ಧ್ವನಿ ಬಿಡಿಸುವುದು: ಇಂಗ್ಲಿಷ್ ‘ಸಿ’ ಬಂದರೆ ‘ಕ’, ಕೊನೆಯ ‘ಎ-ವೈ’ ಬಂದರೆ ‘ಎ’ಕಾರ, ‘ಯು’ ಬಂದರೆ ಒಮ್ಮೆ ‘ಉ’, ಒಮ್ಮೆ ‘ಅ’. ಕಂಬಳಿ ಅವರ ಬಾಯಲ್ಲಿ ‘ಕಮ್ಲಿ’ ಆಗಿದ್ದು ಹೀಗೇ. ‘ಳ’ ಎಲ್ಲೂ ಉಳಿದಿರುವುದಿಲ್ಲ. ನಾಲ್ಕನೇ ಸಾಲು ಆ ಸೀಮೆಯಲ್ಲಿ ಆ ಕೆಲಸ ಮಾಡಿದ ಹಿರಿಯರ ಬಾಯಿಂದ ಬಂದ ಹೆಸರು. ಕೊನೆಗೆ ನಿಘಂಟು. ಕಿಟ್ಟೆಲ್ 1894ರದ್ದು, ಕನ್ನಡದಿಂದ ಇಂಗ್ಲಿಷಿಗೆ ಹೋಗುವಂಥದ್ದು. ನಾವು ಎದುರು ದಿಕ್ಕಿನಿಂದ ಬರುವವರು. ಸಿಕ್ಕಿದ ಪದ ಸರಿಯೇ ಅಂತ ತಾಳೆ ನೋಡಲು ಅದಕ್ಕಿಂತ ಒಳ್ಳೆಯದಿಲ್ಲ, ಹುಡುಕಲು ಹೋದರೆ ದಿನ ಹೋಗುತ್ತದೆ.

ನೆನಪಿನ ಲೆಕ್ಕ: ಸಾವಿರದ ನೂರರಲ್ಲಿ ಆರುನೂರು ಚೀಟಿ ಮೂರನೇ ಸಾಲಿನಲ್ಲೇ ಮುಗಿದವು. ಅವು ನಮ್ಮದೇ ಪದಗಳು. ಮುನ್ನೂರು ನಾಲ್ಕನೇ ಸಾಲಿನವರೆಗೆ ಹೋದವು. ಉಳಿದವುಗಳಲ್ಲೇ ದುಡಿತ.

ಧ್ವನಿ ಬಿಡಿಸುವುದರಲ್ಲೂ ಗುಂಡಿ ಇದೆ. ‘ಕಂದಕ’ ಅನ್ನುವಂತೆ ಓದಿಸಿಕೊಳ್ಳುವ ಒಂದು ಪದ ಬುಕಾನನ್‌ನಲ್ಲಿ ಹೆಜ್ಜೆಹೆಜ್ಜೆಗೂ ಬರುತ್ತದೆ. ‘ಹತ್ತು ಕಂದಕ ರಾಗಿ’ ಅಂತ ಬರೆದರೆ ಕೋಟೆಯ ಸುತ್ತ ರಾಗಿ ಸುರಿದ ಹಾಗೆ! ಅದು ಖಂಡುಗ, ಇಪ್ಪತ್ತು ಕೊಳಗ. ‘ಕ್ಯಾಂಡಿ’ ಬಂದರೆ ಇನ್ನೂ ಹುಷಾರು, ಅದು ತೂಕದ ಖಂಡಿ, ಇಪ್ಪತ್ತು ಮಣ. ಖಂಡುಗ ಅಳತೆ, ಖಂಡಿ ತೂಕ. ಎರಡನ್ನೂ ಒಂದೇ ಮಾಡಿದ ಮುದ್ರಿತ ಅನುವಾದವನ್ನು ನೋಡಿದ್ದೇನೆ, ಹೆಸರು ಬೇಡ. ಇನ್ನು ಖಂಡುಗ ನೆಲದ ಲೆಕ್ಕಕ್ಕೆ ಬಂದಾಗ ಅದು ಬೀಜವರಿ, ಅಂದರೆ ಅಷ್ಟು ಬೀಜ ಹಿಡಿಯುವ ನೆಲ. ರಾಗಿ ತೆಳ್ಳಗೆ ಬೀಳುತ್ತದೆ, ಭತ್ತ ದಟ್ಟ. ಹಾಗಾಗಿ ಹೊಲದ ಖಂಡುಗ ಗದ್ದೆಯ ಖಂಡುಗಕ್ಕಿಂತ ಹಲವು ಪಟ್ಟು ದೊಡ್ಡದು. ಇದನ್ನು ಎಕರೆಗೆ ತಿರುಗಿಸಿ ಬರೆಯುವ ಆಸೆ ಬಂದರೆ ಪೆನ್ನು ಕೆಳಗಿಡಿ.

ಮಣದ್ದೂ ಅದೇ ಗೋಳು. ಮೈಸೂರಿನ ಮಣ ನಲವತ್ತು ಕಚ್ಚಾ ಸೇರು, ಕಚ್ಚಾ ಸೇರು 24 ರೂಪಾಯಿ ತೂಕ, ಈಗಿನ 280 ಗ್ರಾಂ. ಹಾಗಾಗಿ ಮಣ ಹನ್ನೊಂದು ಕಿಲೋ ಚಿಲ್ಲರೆ. ಬಂಗಾಳದ ಸರ್ಕಾರಿ ಮಣ 37 ಕಿಲೋ ಮೀರುತ್ತದೆ. ಬೆಲ್ಲದ ಬೆಲೆ ಹೇಳುವ ಸಾಲಿನಲ್ಲಿ ಬಂಗಾಳದ ಮಣ ಹಿಡಿದುಬಿಟ್ಟರೆ ಬೆಲ್ಲ ಮೂರು ಪಟ್ಟಿಗೂ ಹೆಚ್ಚು ಅಗ್ಗವಾಗುತ್ತದೆ, ಇತಿಹಾಸದವರು ಅದರ ಮೇಲೊಂದು ಪ್ರಬಂಧ ಬರೆಯುತ್ತಾರೆ.

ಇಂಗ್ಲಿಷಿನವರ ‘ಪಗೋಡ’ ನಮ್ಮ ವರಹ, ಚಿನ್ನದ ನಾಣ್ಯ. ಅದನ್ನು ಗುಡಿ ಮಾಡಿದವರ ಕಥೆ ಎಲ್ಲರಿಗೂ ಗೊತ್ತು, ಬಿಡಿ. ವರಹ ಅಂತ ಬರೆದರೂ ಕೆಲಸ ಅರ್ಧವೇ ಆಗುವುದು. ಯಾವ ವರಹ? ‘ಕ್ಯಾಂಟರಾಯ್’ ಅಂದರೆ ಕಂಠೀರಾಯಿ, ಮೈಸೂರಿನ ಅರಸ ಕಂಠೀರವನ ಹೆಸರಿನದು. ಅದರಲ್ಲಿ ಟಂಕಿಸಿದ್ದು ‘ಹಣ’ ಅನ್ನುವ ಸಣ್ಣ ಚಿನ್ನದ ನಾಣ್ಯ, ವರಹ ಬರೀ ಲೆಕ್ಕದ್ದು, ಹತ್ತು ಹಣಕ್ಕೆ ಒಂದು. ಹಾಗಾಗಿ ‘ಕಂಠೀರಾಯಿ ವರಹದ ನಾಣ್ಯಗಳನ್ನು ಎಣಿಸಿ ಕೊಟ್ಟರು’ ಅಂತ ಬರೆದರೆ ಇಲ್ಲದ ನಾಣ್ಯ ಎಣಿಸಿದ ಹಾಗೆ. ‘ಸ್ಟಾರ್’ ಅಂದರೆ ಮದರಾಸಿನದು, ಮೂರೂವರೆ ರೂಪಾಯಿ. 1799ರ ಒಪ್ಪಂದದಲ್ಲಿ ಮೈಸೂರು ಕಂಪನಿಗೆ ವರ್ಷಕ್ಕೆ ಕೊಡಬೇಕಾದ ಏಳು ಲಕ್ಷ ಈ ಸ್ಟಾರ್ ವರಹ, ಅಂದರೆ ಇಪ್ಪತ್ತನಾಲ್ಕೂವರೆ ಲಕ್ಷ ರೂಪಾಯಿ. ಅಲ್ಲಿ ಕಂಠೀರಾಯಿ ಅಂತ ಹಾಕಿದರೆ ಕೆಲವು ಲಕ್ಷ ರೂಪಾಯಿ ಅನುವಾದಕನ ಜೇಬಿಗೆ ಇಳಿದಂತೆ. ಈ ಕಾರಣಕ್ಕೆ ದುಡ್ಡು, ತೂಕ, ಅಳತೆಯ ಚೀಟಿಗಳ ಬಣ್ಣವೇ ಬೇರೆ. ಅವನ್ನು ಎರಡು ಸಲ ನೋಡದೆ ಕರಡಿಗೆ ಇಳಿಸುವುದಿಲ್ಲ.

ಇನ್ನೊಂದು ಜಾತಿಯ ಮೋಸ ಇದೆ. ಪದ ನಮ್ಮದೇ, ಈಗಲೂ ಬಳಕೆಯಲ್ಲಿದೆ, ಅರ್ಥ ಮಾತ್ರ ಜಾರಿದೆ. ‘ಕಂದಾಚಾರ್ ಪಿಯೋನ್ಸ್’ ನೋಡಿ. ಕಂದಾಚಾರ ಅಂದರೆ ಆಗ ಊರುಗಾವಲಿನ ದಂಡಿನ ಇಲಾಖೆ. ಈಗ ಮೂಢ ಸಂಪ್ರದಾಯ. ‘ಪಿಯೋನ್’ ಆಗ ಕಾಲಾಳು, ಈಗ ಕಚೇರಿಯಲ್ಲಿ ಕಾಫಿ ತರುವವ. ಇದ್ದ ಹಾಗೇ ಬರೆದರೆ ‘ಮೂಢನಂಬಿಕೆಯ ಜವಾನರು’ ಆಗುತ್ತಾರೆ. ನಾನು ಹಾಕಿದ್ದು ‘ಕಂದಾಚಾರದ ಪೇದೆಗಳು’, ಮೊದಲ ಸಲ ಬಂದಲ್ಲಿ ವಾಕ್ಯದ ಒಳಗೇ ‘ಊರು ಕಾಯುವ’ ಅಂತ ಸೇರಿಸಿ. ಅಡಿಟಿಪ್ಪಣಿ ಓದುವವರು ಕಡಿಮೆ. ವಾಕ್ಯದೊಳಗೆ ಎರಡು ಪದ ನುಸುಳಿಸಿದರೆ ಯಾರಿಗೂ ತಿಳಿಯುವುದಿಲ್ಲ, ಅರ್ಥ ನಿಲ್ಲುತ್ತದೆ. ‘ರೈಟರ್’ ಲೇಖಕನಲ್ಲ, ಗುಮಾಸ್ತ. ‘ಫ್ಯಾಕ್ಟರಿ’ ಕಾರ್ಖಾನೆಯಲ್ಲ, ಕೋಠಿ, ಅಂದರೆ ವ್ಯಾಪಾರದ ಮಳಿಗೆ. ‘ಕಾರ್ನ್’ ಕಂಡಲ್ಲೆಲ್ಲ ಮೆಕ್ಕೆಜೋಳ ಬಿತ್ತಬೇಡಿ, ಅವರಿಗೆ ಅದು ಯಾವ ಧಾನ್ಯವಾದರೂ ಸರಿ.

ಯುದ್ಧದ ವರದಿಯಲ್ಲಿ ‘ಟೋಪ್’ ಒಂದನ್ನು ಬಿಡಿಸಿ ಹೇಳಲೇಬೇಕು. ಕನ್ನಡದಲ್ಲಿ ತೋಪು ಅಂದರೆ ಮಾವಿನ ತೋಪೂ ಹೌದು, ಹಾರಿಸುವ ತೋಪೂ ಹೌದು. ಮುತ್ತಿಗೆಯ ವರದಿ ಅಂದಮೇಲೆ ಫಿರಂಗಿಯೇ ಇರಬೇಕು ಅಂತ ಮನಸ್ಸು ಓಡುತ್ತದೆ. 1799ರ ಏಪ್ರಿಲ್ 5ರ ರಾತ್ರಿ ಶ್ರೀರಂಗಪಟ್ಟಣದ ಹೊರಗೆ ಇಂಗ್ಲಿಷ್ ಸೇನೆಯ ಆರ್ಥರ್ ವೆಲ್ಲೆಸ್ಲಿ ನುಗ್ಗಿ, ಕತ್ತಲಲ್ಲಿ ದಿಕ್ಕು ತಪ್ಪಿ, ಸೋತು ಬಂದ ಸುಲ್ತಾನ್‌ಪೇಟೆಯ ‘ಟೋಪ್’ ಅಂದರೆ ಮರಗಳ ತೋಪು. ಫಿರಂಗಿ ಅಂತ ಬರೆದರೆ ಅವನು ಯಾಕೆ ದಾರಿ ತಪ್ಪಿದ ಅನ್ನುವುದೇ ಅರ್ಥವಾಗುವುದಿಲ್ಲ. ಇಂಗ್ಲಿಷಿನವರು ಫಿರಂಗಿಗೆ ‘ಗನ್’ ಅನ್ನುತ್ತಾರೆ, ‘ಟೋಪ್’ ಅನ್ನುವುದಿಲ್ಲ. ಈ ಸೂತ್ರ ಹಿಡಿದ ಮೇಲೆ ತಪ್ಪಿಲ್ಲ.

ಕೋಟೆಯ ಭಾಗಗಳು ಸುಲಭ, ಚಿತ್ರದುರ್ಗದಲ್ಲಿ ಒಂದು ಬೆಳಿಗ್ಗೆ ಸಾಕು: ಕೊತ್ತಲ, ಕಂದಕ, ಗೋಡೆ ಮೇಲಿನ ತೆನೆ, ದೊಡ್ಡ ಬಾಗಿಲಿನ ಪಕ್ಕದ ದಿಡ್ಡಿ.

ಒಂದು ಇಂಗ್ಲಿಷ್ ಪದಕ್ಕೆ ನಮ್ಮಲ್ಲಿ ಆರು ಇರುವಾಗ ಚೀಟಿಯ ಎರಡನೇ ಸಾಲು ದುಡಿಯುತ್ತದೆ. ‘ಗ್ರಾನರಿ’ ಮಣ್ಣಿನ ಕೆಳಗಿದ್ದರೆ ಹಗೇವು, ಮೇಲಿದ್ದರೆ ಕಣಜ, ಕರಾವಳಿ-ಮಲೆನಾಡಿನ ಮರದ್ದಾದರೆ ಪತ್ತಾಯ, ಮಣ್ಣಿನ ದೊಡ್ಡ ಪಾತ್ರೆಯಾದರೆ ವಾಡೆ. ‘ಟ್ಯಾಂಕ್’ಗೆ ತೂಬು, ಕೋಡಿ ಇದ್ದರೆ ಕೆರೆ. ಮೆಟ್ಟಿಲು, ದೇವಸ್ಥಾನ ಇದ್ದರೆ ಕಲ್ಯಾಣಿ. ದನ ಮಾತ್ರ ಕುಡಿಯುವುದಾದರೆ ಕಟ್ಟೆ ಅಥವಾ ಕುಂಟೆ. ಈ ಕುಂಟೆ ಮತ್ತೆ ತಲೆ ತಿನ್ನುತ್ತದೆ: ನೀರಿನ ಕುಂಟೆ, ಎತ್ತು ಎಳೆಯುವ ಕುಂಟೆ, ಪಕ್ಕದಲ್ಲೇ ನೆಲದ ಗುಂಟೆ. ಇಂಗ್ಲಿಷ್ ಅಕ್ಷರದಲ್ಲಿ ಮೂರೂ ಅಣ್ಣತಮ್ಮಂದಿರು. ಎತ್ತು ಇದೆಯೇ, ನೀರಿದೆಯೇ, ಅಂಕಿ ಇದೆಯೇ, ಇಷ್ಟು ಕೇಳಿದರೆ ಬೇರೆಯಾಗುತ್ತವೆ.

ನೀರೆತ್ತುವ ಸಾಧನಗಳಿಗೆ ಹಗ್ಗ ಎಣಿಸಬೇಕು. ‘ಲೆದರ್ ಬ್ಯಾಗ್’, ಇಳಿಜಾರಿನಲ್ಲಿ ನಡೆಯುವ ಎತ್ತು, ಎರಡು ಹಗ್ಗ ಅಂತ ಬಂದರೆ ಕಪಿಲೆ. ದಪ್ಪ ಹಗ್ಗ ಮೇಲಿನ ಗಾಲಿಯ ಮೇಲೆ ಹಾದು ಚೀಲದ ಬಾಯನ್ನು ಎತ್ತುತ್ತದೆ. ಸಣ್ಣ ಹಗ್ಗ ಕೆಳಗಿನ ಉರುಳೆಯ ಮೇಲೆ ಹಾದು ಚೀಲದ ಬಾಲವನ್ನು ಮಡಚಿ ಹಿಡಿದಿರುತ್ತದೆ. ದಂಡೆಗೆ ಬಂದಾಗ ಬಾಲ ಬಿಚ್ಚಿಕೊಂಡು ನೀರು ತೊಟ್ಟಿಗೆ ಬೀಳುತ್ತದೆ. ಒಂದೇ ಸನ್ನೆಮರ, ಅದರ ಮೇಲೆ ಆಳು ಹಿಂದೆಮುಂದೆ ನಡೆಯುವುದಾದರೆ ಏತ, ಅವರ ‘ಪಿಕೋಟ’. ಇಬ್ಬರು ಎದುರುಬದುರು ನಿಂತು ಬುಟ್ಟಿ ಬೀಸಿದರೆ ಗೂಡೆ. ಮೂರಕ್ಕೂ ‘ನೀರೆತ್ತುವ ಯಂತ್ರ’ ಅಂತ ಬರೆದಿದ್ದ ಹಳೇ ಕರಡು ಇನ್ನೂ ಇಟ್ಟುಕೊಂಡಿದ್ದೇನೆ, ಅಹಂಕಾರ ಬಂದಾಗ ಓದಲು.

ಸುಮ್ಮನೆ ಮಾಡಿದ ಪ್ರಯೋಗಗಳೂ ಇವೆ. ಗುಜರಿಯಲ್ಲಿ ಒಂದು ಹಿತ್ತಾಳೆ ಸೇರು ಸಿಕ್ಕಿತು, 900 ರೂಪಾಯಿ. ನೀರು ಸುಮಾರು ಒಂದು ಲೀಟರಿನ ಮೇಲೆ ಹಿಡಿಯಿತು. ರಾಗಿ ತುಂಬಿ ತೂಗಿದರೆ 850 ಗ್ರಾಂ ಹತ್ತಿರ, ಅಕ್ಕಿ ಇನ್ನೊಂದು ಹಿಡಿ ಜಾಸ್ತಿ, ಕಲ್ಲುಪ್ಪು ಕಿಲೋ ದಾಟಿತು. ತಲೆ ಬೋಳಿಸಿ ಅಳೆದರೆ ಒಂದು, ಗೋಪುರ ಕಟ್ಟಿ ಅಳೆದರೆ ಇನ್ನೊಂದು. ಅನುವಾದಕ್ಕೆ ಇದರಿಂದ ಸಿಕ್ಕ ಲಾಭ ಒಂದೇ: ‘ಹೀಪ್ಡ್’ ಅನ್ನುವ ಪದವನ್ನು ಇನ್ನು ಬಿಡುವುದಿಲ್ಲ. ಅದು ಗೋಪುರದಳತೆ, ದುಡ್ಡಿನ ವಿಷಯ. ಯಂತ್ರಾನುವಾದಕ್ಕೂ ಒಂದು ಪುಟ ಹಾಕಿ ನೋಡಿದೆ. ಟ್ಯಾಂಕ್ ಟ್ಯಾಂಕಾಗಿಯೇ ಬಂತು, ಕ್ಯಾಂಡಿ ಮಿಠಾಯಿಯಾಯಿತು. ವಾಕ್ಯಗಳು ಮಾತ್ರ ನನಗಿಂತ ನಯವಾಗಿದ್ದವು, ಅದೇ ಅಪಾಯ. ಈಗ ಅದನ್ನು ಚೀಟಿ ಮುಗಿದ ಮೇಲೆ, ವಸ್ತುಗಳ ಜಾಗದಲ್ಲಿ ಅಂಕಿ ಹಾಕಿ ಓಡಿಸುತ್ತೇನೆ. ಯಾವ ಅಂಕಿ, ಯಾವ ಕ್ರಮ ಅನ್ನುವುದು ನನ್ನ ಹೊಟ್ಟೆಪಾಡು, ಇಲ್ಲಿ ಬೇಡ. ಹಿರಿಯರಿಂದ ಪದ ಕೇಳುವ ಉಪಾಯದಲ್ಲೂ ಅರ್ಧ ಹೇಳುತ್ತೇನೆ: ‘ಇದಕ್ಕೆ ಏನಂತೀರಿ?’ ಅಂತ ಎಂದೂ ಕೇಳಬಾರದು. ಪೇಟೆಯವರಿಗೆ ಅಂತ ಪೇಟೆ ಪದ ಕೊಡುತ್ತಾರೆ.

ಖರ್ಚು: ಬಸ್ಸು, ಜೆರಾಕ್ಸು, ಸೇರು, ಎಲೆಅಡಿಕೆ ಎಲ್ಲ ಸೇರಿ ಹನ್ನೊಂದು-ಹನ್ನೆರಡು ಸಾವಿರ. ಮೊದಲ ತಿಂಗಳು ದಿನಕ್ಕೆ ಎರಡು ಪುಟ, 400 ರೂಪಾಯಿ. ಮನೆಯಲ್ಲಿ ಮುಖ ನೋಡುವ ಹಾಗಿರಲಿಲ್ಲ. ಐದನೇ ತಿಂಗಳಿಗೆ ಏಳು ಪುಟಕ್ಕೆ ಬಂತು, ಏಕೆಂದರೆ ಅದೇ ವಸ್ತು ತಿರುಗಿ ತಿರುಗಿ ಬರುತ್ತದೆ. ಚೀಟಿ ಒಂದು ಸಲದ ಖರ್ಚು.

ಈಗ ಕೆನರಾ ಪುಟಗಳು ನಡೆಯುತ್ತಿವೆ. ಅಲ್ಲಿ ಅಕ್ಕಿಯನ್ನು ಕಟ್ಟುತ್ತಿದ್ದದ್ದು ಹುಲ್ಲಿನ ಮುಡಿಯಲ್ಲಿ. ಮುಡಿಗೆ ಎಷ್ಟು ಸೇರು ಅನ್ನುವುದು ಊರಿನಿಂದ ಊರಿಗೆ ಬದಲಾಗುತ್ತದೆ, ಹಾಗಾಗಿ ಅದನ್ನು ಮುಡಿ ಅಂತಲೇ ಬಿಟ್ಟು, ಆಯಾ ಊರಿನ ಸೇರನ್ನು ಅದೇ ವಾಕ್ಯದಲ್ಲಿ ಹೇಳುತ್ತಿದ್ದೇನೆ. ಮೂಲದಲ್ಲಿ ‘ಬೇಲ್’ ಅಂತ ಮಾತ್ರ ಇದ್ದರೆ ಮೊದಲು ನೋಡುವುದು ಒಳಗೇನಿದೆ ಅಂತ. ಅಕ್ಕಿಯಾದರೆ ಮುಡಿ, ಬಟ್ಟೆಯಾದರೆ ಗಂಟು.