ತುರಿಕೆಗೆ ಟ್ಯೂಬ್ ಕೇಳುವ ಮುಂಚೆ

ಮಳೆ ಹಿಡಿಯಿತೆಂದರೆ ಪುತ್ತೂರು ಕಡೆಯ ನಮ್ಮ ಮೆಡಿಕಲ್ ಅಂಗಡಿಯಲ್ಲಿ ದನಿ ತಗ್ಗಿಸಿ ಕೇಳುವವರು ಜಾಸ್ತಿಯಾಗುತ್ತಾರೆ. "ಅಕ್ಕಾ, ತುರಿಕೆಗೊಂದು ಟ್ಯೂಬ್ ಕೊಡಿ." ಎಲ್ಲಿ ಅಂದರೆ ಉತ್ತರವಿಲ್ಲ. ತೊಡೆಸಂದು ಅಂತ ಅರ್ಥ. ನಾಚಿಕೆ ಯಾಕೆ? ಅಡಿಕೆ ತೋಟದಲ್ಲಿ ದಿನವಿಡೀ ಒದ್ದೆ ಬಟ್ಟೆಯಲ್ಲಿ ಇದ್ದರೆ ಯಾರಿಗೂ ಬರುತ್ತದೆ.

ಮೊದಲು ಬೆಳಕಿನಲ್ಲಿ ನಿಂತು ಸರಿಯಾಗಿ ನೋಡಿ. ಹುಳುಕಡ್ಡಿ, ಅಂದರೆ ಫಂಗಸ್‌ನಿಂದ ಬರುವ ತುರಿಕೆಯಾದರೆ ಸಾಮಾನ್ಯವಾಗಿ ಅಂಚು ಕೆಂಪಗೆ ಉಬ್ಬಿ ಹೊಟ್ಟೇಳುತ್ತದೆ, ನಡುವಿನ ಚರ್ಮ ತಿಳಿಯಾಗಿರುತ್ತದೆ. ಸೊಂಟದ ಸುತ್ತ ಪಟ್ಟಿಯ ಹಾಗೆ ಬಂದಿದ್ದರೆ ಉಡಿದಾರ ನೋಡಿಕೊಳ್ಳಿ. ಮಳೆಗಾಲದಲ್ಲಿ ಅದು ಒಣಗುವುದೇ ಇಲ್ಲ. ಹೆಂಗಸರಿಗೆ ಲಂಗದ ಲಾಡಿ ಕಟ್ಟುವ ಜಾಗ. ದಾರ ಬಿಚ್ಚಿಡಿ, ವಾಸಿಯಾದ ಮೇಲೆ ಹೊಸದು ಕಟ್ಟಿದರಾಯಿತು. ದೇವರೇನೂ ಬೇಜಾರು ಮಾಡಿಕೊಳ್ಳುವುದಿಲ್ಲ.

ತುರಿಸುವುದೆಲ್ಲ ಫಂಗಸ್ ಅಲ್ಲ. ಮನೆಮಂದಿಗೆಲ್ಲ ರಾತ್ರಿ ತುರಿಕೆ, ಬೆರಳ ಸಂದಿಯಲ್ಲಿ ಗುಳ್ಳೆ ಇದ್ದರೆ ಕಜ್ಜಿ ಇರಬಹುದು. ತುರಿಕೆಯಿಲ್ಲದ ಮಾಸಲು ಮಚ್ಚೆ ಮುಟ್ಟಿದರೆ ಗೊತ್ತಾಗದಿದ್ದರೆ ಸರ್ಕಾರಿ ಆಸ್ಪತ್ರೆಗೆ ಹೋಗಿ. ಅದು ಕುಷ್ಠವೋ ಅಂತ ನೋಡಬೇಕು. ಆಗಿದ್ದರೆ ಔಷಧಿ ಪುಕ್ಕಟೆ, ಗುಣವಾಗುತ್ತದೆ.

ಈಗ ಟ್ಯೂಬಿನ ವಿಷಯ. ಪಕ್ಕದ ಮನೆಯವರು ಹೇಳಿದ, ಎರಡೇ ದಿನಕ್ಕೆ ಉರಿ ಆರಿಸುವ ಕ್ರೀಮ್ ಬೇಕೆಂದು ಜನ ಹಟ ಹಿಡಿಯುತ್ತಾರೆ. ಡಬ್ಬಿ ತಿರುಗಿಸಿ ಸಣ್ಣ ಅಕ್ಷರ ಓದಿ. ಕ್ಲೋಬೆಟಾಸಾಲ್, ಬೀಟಾಮೆಥಾಸೋನ್, ಬೆಕ್ಲೋಮೆಥಾಸೋನ್, ಮೊಮೆಟಾಸೋನ್ ಅಂತಿದ್ದರೆ ಅದು ಸ್ಟಿರಾಯ್ಡ್. ಕೆಂಪು ಇಳಿಯುತ್ತದೆ, ತುರಿಕೆ ನಿಲ್ಲುತ್ತದೆ, ಫಂಗಸ್ ಮಾತ್ರ ಒಳಗೊಳಗೇ ಹರಡುತ್ತದೆ. ಬಿಟ್ಟ ಕೂಡಲೇ ಮೊದಲಿಗಿಂತ ಜೋರು. ತಿಂಗಳುಗಟ್ಟಲೆ ಹಚ್ಚಿದರೆ ತೊಡೆಸಂದಿಯ ಚರ್ಮ ತೆಳ್ಳಗಾಗಿ ಬರೆ ಬೀಳುತ್ತದೆ, ಆ ಬರೆ ಹೋಗುವುದಿಲ್ಲ. ಇಂಥ ಹಲವು ಕ್ರೀಮ್‌ಗಳನ್ನು 2018ರಲ್ಲಿ ಷೆಡ್ಯೂಲ್ ಹೆಚ್‌ಗೆ ಸೇರಿಸಿದರು, ಅಂದರೆ ಡಾಕ್ಟರ ಚೀಟಿ ಬೇಕು. ಆದರೂ ಸುಮ್ನೆ ಕೊಡುವ ಅಂಗಡಿಗಳಿವೆ. ಹೆಸರು ಕೇಳಿ ಮೋಸ ಹೋಗಬೇಡಿ: ಫಂಗಸ್‌ನ ಔಷಧಿ ಕ್ಲೋಟ್ರಿಮಜೋಲ್ ಬೇರೆ, ಸ್ಟಿರಾಯ್ಡ್ ಕ್ಲೋಬೆಟಾಸಾಲ್ ಬೇರೆ.

ಸಣ್ಣ ಮಚ್ಚೆಯಾದರೆ ಬರೀ ಕ್ಲೋಟ್ರಿಮಜೋಲ್ ದಿನಕ್ಕೆರಡು ಸಲ, ಇಲ್ಲವೇ ಲುಲಿಕೊನಜೋಲ್ ಒಂದು ಸಲ. ಸ್ನಾನ ಮಾಡಿ, ಸಂದಿಗಳನ್ನು ಪೂರ್ತಿ ಒರೆಸಿ ಒಣಗಿಸಿ. ಅಂಚಿನಿಂದ 2 ಸೆಂಟಿಮೀಟರ್ ಆಚೆಗೂ ತೆಳ್ಳಗೆ ಹಚ್ಚಿ. ಕಲೆ ಮಾಯವಾದ ಮೇಲೂ 2 ವಾರ ಬಿಡಬೇಡಿ. ಹೆಚ್ಚಿನವರು ಎಡವುವುದು ಇಲ್ಲೇ, ತುರಿಕೆ ನಿಂತ ದಿನವೇ ಟ್ಯೂಬ್ ಕಪಾಟು ಸೇರುತ್ತದೆ. ಬೆಳ್ಳುಳ್ಳಿ ಅರೆದು ಹಚ್ಚಬೇಡಿ, ಚರ್ಮ ಸುಟ್ಟು ಬೊಕ್ಕೆ ಏಳುತ್ತದೆ.

ಟವೆಲ್ ಬೇರೆ ಬೇರೆ ಇರಲಿ. ಒಳಬಟ್ಟೆ ಬಿಸಿನೀರಲ್ಲಿ ಒಗೆದು, ಒಳಮೈ ಮೇಲಾಗಿ ಬಿಸಿಲಿಗೆ ಹಾಕಿ. ಆಟಿ ತಿಂಗಳ ಮಳೆಯಲ್ಲಿ ಬಿಸಿಲೆಲ್ಲಿ ಅಲ್ವಾ? ಇಸ್ತ್ರಿ ಹಾಕಿ. ಮನೆಯಲ್ಲಿ ಇನ್ನೊಬ್ಬರಿಗೂ ಇದ್ದರೆ ಒಟ್ಟಿಗೇ ಔಷಧಿಯಾಗಬೇಕು. ಹಟ್ಟಿಯ ಕರುವಿನ ಕಣ್ಣಿನ ಸುತ್ತ ಬೂದು ಬಣ್ಣದ ಚಕ್ಕೆ ಕಂಡರೆ ಪಶುವೈದ್ಯರನ್ನು ಕರೆಸಿ, ಅಲ್ಲಿಂದಲೂ ಹತ್ತುತ್ತದೆ.

ಎರಡು ಮೂರು ವಾರದಲ್ಲಿ ಇಳಿಯದಿದ್ದರೆ ಚರ್ಮದ ಡಾಕ್ಟರ ಹತ್ತಿರ ಹೋಗಿ. ಈಗ ನಮ್ಮ ದೇಶದಲ್ಲಿ ಹರಡಿರುವ ಟ್ರೈಕೊಫೈಟಾನ್ ಇಂಡೋಟಿನಿಯೆ ಅನ್ನುವ ಫಂಗಸ್ ಎಷ್ಟೋ ಸಲ ಟರ್ಬಿನಾಫಿನ್ ಅನ್ನುವ ಫಂಗಸ್ ಔಷಧಿಗೆ ಬಗ್ಗುವುದಿಲ್ಲ. ಹಾಗಂತ ಫಂಗಸ್‌ನ ಇನ್ನೊಂದು ಔಷಧಿಯಾದ ಇಟ್ರಾಕೊನಜೋಲ್ ಗುಳಿಗೆಯನ್ನು ನೀವಾಗಿ ನುಂಗಬೇಡಿ, ಹೃದಯದ ತೊಂದರೆ ಇದ್ದವರಿಗೆ ಅದು ಆಗದು. ಮಕ್ಕಳ ತಲೆಗೆ, ಉಗುರಿಗೆ ಬಂದಿದ್ದರೆ, ಸಕ್ಕರೆ ಕಾಯಿಲೆ ಇದ್ದರೆ, ಬಸುರಿಯಾಗಿದ್ದರೆ ಕಾಯುವುದೇ ಬೇಡ. ಡಾಕ್ಟರು ಅಂಚಿನ ಹೊಟ್ಟು ಕೆರೆದು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡಬಹುದು. ಆದ್ದರಿಂದ ಆ ಬೆಳಿಗ್ಗೆ ಏನೂ ಹಚ್ಚದೆ ಹೋಗಿ. ಈವರೆಗೆ ಹಚ್ಚಿದ ಟ್ಯೂಬ್‌ಗಳು, ಖಾಲಿಯಾಗಿದ್ದರೂ ಸರಿ, ಚೀಲದಲ್ಲಿರಲಿ.